ಸೋರುವ ಸಿಲಿಂಡರೂ ಸತ್ಯಶುದ್ಧ ಕಾಯಕವೂ

ಕಾಯಕವೆಂಬ ಪದವನ್ನು ಕೇಳಿದೊಡನೆ ಗೃಹಸ್ಥನಾದ ಭಕ್ತನ ಮನಸ್ಸಿನಲ್ಲಿ ಮೂಡುವ ಚಿತ್ರಗಳು ಬಹುಮಟ್ಟಿಗೆ ಹಳೆಯವು. ಹಗ್ಗ ಹೊಸೆಯುವ ಚಂದಯ್ಯ, ದೋಣಿ ನಡೆಸುವ ಚೌಡಯ್ಯ, ಬಟ್ಟೆ ಮಡಿಮಾಡುವ ಮಾಚಯ್ಯ, ಚೆಲ್ಲಿದ ಅಕ್ಕಿಯನ್ನು ಆಯುವ ಮಾರಯ್ಯ ಇವರೆಲ್ಲರೂ ಸಾಲಾಗಿ ಬಂದು ನಿಲ್ಲುತ್ತಾರೆ. ಇದು ಸಹಜವೇ ಸರಿ. ಆದರೆ ಎಣ್ಣೆ ಮೆತ್ತಿದ ಅಂಗಿಯನ್ನು ತೊಟ್ಟು, ಕೈಯಲ್ಲಿ ಪಾನಾ ಹಿಡಿದು, ಯಂತ್ರದ ಹೊಟ್ಟೆಯ ಕೆಳಗೆ ಬೆನ್ನು ಹಾಸಿ ಮಲಗಿದ ರಿಪೇರಿಗಾರನು ಆ ಸಾಲಿನಲ್ಲಿ ಕಾಣಿಸುವುದಿಲ್ಲ. ಆತನನ್ನು ‘ಮೆಕ್ಯಾನಿಕ್’ ಎಂದು ಕರೆದು, ಕೆಲಸ ಮುಗಿದೊಡನೆ ದುಡ್ಡು ಕೊಟ್ಟು ಕಳುಹಿಸುವುದೇ ಲೋಕರೂಢಿ. ಶರಣರ ಮಾತನ್ನು ಹೃದಯದಲ್ಲಿ ಧರಿಸಿದವರು ಹೀಗೆ ಮಾಡತಕ್ಕುದಲ್ಲ. ಕಾಯದಿಂದ ಮಾಡುವುದೆಲ್ಲವೂ ಶುದ್ಧಭಾವದಿಂದ ಕೂಡಿದರೆ ಕಾಯಕವೇ ಆಗುವುದಾದರೆ, ಸೋರುವ ಒಂದು ಸಿಲಿಂಡರನ್ನು ಬಿಚ್ಚಿ ಸರಿಪಡಿಸುವ ಕೆಲಸವೂ ಅದರೊಳಗೆ ಸೇರಲೇಬೇಕು. ಅಷ್ಟೇ ಅಲ್ಲ, ಆ ಕೆಲಸದಲ್ಲಿ ಅಡಗಿರುವ ಪರೀಕ್ಷೆಯು ಎಷ್ಟು ಕಠಿನವಾದುದೆಂಬುದನ್ನು ತಿಳಿದವರು ಅದನ್ನು ಕೀಳೆಂದು ಎಣಿಸಲಾರರು.

‘ಯಂತ್ರ’ ಎಂಬ ಸಂಸ್ಕೃತ ಪದವು ‘ಯಮ್’ ಎಂಬ ಧಾತುವಿಗೆ ಸಂಬಂಧಿಸಿದುದು. ನಿಗ್ರಹಿಸು, ಹಿಡಿದು ನಿಲ್ಲಿಸು ಎಂಬುದು ಆ ಧಾತುವಿನ ಅರ್ಥ. ಯಮ, ನಿಯಮ, ಸಂಯಮಗಳೆಲ್ಲವೂ ಅದೇ ಮನೆತನದ ಮಾತುಗಳು. ಬಲವನ್ನು ಹುಟ್ಟಿಸುವುದಕ್ಕಿಂತಲೂ ಬಲವನ್ನು ಹಿಡಿದಿಡುವುದೇ ಯಂತ್ರದ ಲಕ್ಷಣವೆಂಬುದು ಈ ಪದದಿಂದ ಹೊಳೆಯುತ್ತದೆ. ಹಿಡಿತ ತಪ್ಪಿದಾಗ ಯಂತ್ರವು ಯಂತ್ರವಾಗಿ ಉಳಿಯದು. ಎಣ್ಣೆಯ ಸೋರಿಕೆಯೆಂದರೆ ಈ ಹಿಡಿತ ತಪ್ಪಿದುದರ ಮೊದಲನೆಯ ಸೂಚನೆ.

ಇಲ್ಲಿ ಉದಾಹರಣೆಗೆ ತೆಗೆದುಕೊಂಡಿರುವುದು ‘ಸ್ಕಿಡ್ ಸ್ಟಿಯರ್ ಲೋಡರ್’ ಎಂಬ ಸಣ್ಣ ಯಂತ್ರ. ಇದರ ಜನ್ಮಸ್ಥಾನ ಅಮೆರಿಕ ದೇಶದ ಮಿನ್ನೆಸೋಟ ಪ್ರಾಂತದ ರಾತ್ಸೇ ಎಂಬ ಚಿಕ್ಕ ಊರು. ಅಲ್ಲಿ ಕಮ್ಮಾರಿಕೆ ಮತ್ತು ಯಂತ್ರಗಳ ದುರಸ್ತಿಯಿಂದ ಜೀವಿಸುತ್ತಿದ್ದ ಸಿರಿಲ್ ಕೆಲ್ಲರ್, ಲೂಯಿಸ್ ಕೆಲ್ಲರ್ ಎಂಬ ಅಣ್ಣತಮ್ಮಂದಿರ ಬಳಿಗೆ ಟರ್ಕಿ ಕೋಳಿಗಳನ್ನು ಸಾಕುತ್ತಿದ್ದ ರೈತನೊಬ್ಬನು ತನ್ನ ಕಷ್ಟವನ್ನು ಹೇಳಿಕೊಂಡು ಬಂದನು. ಕೋಳಿಮನೆಯ ಗೊಬ್ಬರವನ್ನು ಬಾಚಿ ಹಾಕಲು ಆತನಿಗೆ ಯಂತ್ರ ಬೇಕಾಗಿತ್ತು. ಆದರೆ ಅದು ಮಾಳಿಗೆಯ ನೆಲವು ತಾಳುವಷ್ಟು ಹಗುರವಾಗಿರಬೇಕು, ಕಂಬಗಳ ನಡುವೆ ತಿರುಗುವಷ್ಟು ಚಿಕ್ಕದಾಗಿರಬೇಕು. ಆ ಸಹೋದರರು 1957ರಲ್ಲಿ ಮೂರು ಗಾಲಿಯ ಲೋಡರೊಂದನ್ನು ಮಾಡಿಕೊಟ್ಟರು. ಮುಂದೆ ಉತ್ತರ ಡಕೋಟ ಪ್ರಾಂತದ ಗ್ವಿನ್ನರಿನಲ್ಲಿದ್ದ ಮೆಲ್ರೋ ಕಂಪನಿಯು ಅದನ್ನು ತನ್ನದಾಗಿಸಿಕೊಂಡು, 1960ರಲ್ಲಿ ನಾಲ್ಕು ಗಾಲಿಗಳ ರೂಪವನ್ನು ಹೊರತಂದಿತು. 1962ರಿಂದ ಅದಕ್ಕೆ ‘ಬಾಬ್‌ಕ್ಯಾಟ್’ ಎಂಬ ಹೆಸರು ಬಂದಿತು. ಎಡಗಡೆಯ ಗಾಲಿಗಳು ಬೇರೆ, ಬಲಗಡೆಯ ಗಾಲಿಗಳು ಬೇರೆಯಾಗಿ ಓಡುವುದರಿಂದ ಅದು ನಿಂತ ನೆಲದಲ್ಲಿಯೇ ಜಾರುತ್ತ ತಿರುಗುತ್ತದೆ. ಗೊಬ್ಬರ ಬಾಚುವ ಕೆಲಸದಿಂದ ಹುಟ್ಟಿದ ಯಂತ್ರವೆಂಬುದನ್ನು ಭಕ್ತರು ಗಮನಿಸಬೇಕು. ಕಸವನ್ನು ತೆಗೆಯುವುದನ್ನೂ ಕಾಯಕವೆಂದೇ ಎಣಿಸಿದ ಪರಂಪರೆಯವರಿಗೆ ಇದರಲ್ಲಿ ಆಶ್ಚರ್ಯಪಡಬೇಕಾದುದೇನೂ ಇಲ್ಲ.

ಈ ಯಂತ್ರವನ್ನು ಕಾಣದವರೂ ಜೆಸಿಬಿಯನ್ನು ಕಂಡಿರುತ್ತಾರೆ. ಇಂದು ಕೆರೆಯ ಹೂಳೆತ್ತುವಲ್ಲಿ, ಮನೆಯ ಪಾಯ ತೋಡುವಲ್ಲಿ ಅದು ಬಾರದ ಗ್ರಾಮ ವಿರಳ. ಅದರ ತೋಳುಗಳ ಪಕ್ಕದಲ್ಲಿ ಕನ್ನಡಿಯಂತೆ ಥಳಥಳಿಸುತ್ತ ಒಳಗೆ ಹೋಗಿ ಹೊರಗೆ ಬರುವ ಉಕ್ಕಿನ ದಂಡವೇ ರಾಡು. ಅದು ಹೊಕ್ಕು ಹೊರಡುವ ಕೊಳವೆಯೇ ಸಿಲಿಂಡರು. ಎರಡು ಯಂತ್ರಗಳಲ್ಲಿಯೂ ತತ್ತ್ವ ಒಂದೇ. ಸುತ್ತಲೂ ಮುಚ್ಚಿದ ದ್ರವವನ್ನು ಒಂದೆಡೆ ಒತ್ತಿದರೆ ಆ ಒತ್ತಡವು ಎಲ್ಲ ದಿಕ್ಕಿಗೂ ಸಮನಾಗಿ ಹರಡುವುದೆಂಬುದನ್ನು 17ನೆಯ ಶತಮಾನದ ಫ್ರೆಂಚ್ ಪಂಡಿತ ಬ್ಲೇಸ್ ಪ್ಯಾಸ್ಕಲ್ ನಿರೂಪಿಸಿದನು. ಪಂಪು ಎಣ್ಣೆಯನ್ನು ಒತ್ತುತ್ತದೆ, ಎಣ್ಣೆಯು ಸಿಲಿಂಡರಿನೊಳಗಿನ ಪಿಸ್ಟನನ್ನು ತಳ್ಳುತ್ತದೆ, ಪಿಸ್ಟನಿಗೆ ಜೋಡಿಸಿದ ರಾಡು ತೋಳನ್ನು ಎತ್ತುತ್ತದೆ. ಕಾರಿನ ಗಾಲಿಯೊಳಗಿನ ಗಾಳಿಯ ಒತ್ತಡವು ಪ್ರತಿ ಚದರ ಸೆಂಟಿಮೀಟರಿಗೆ ಸುಮಾರು 2 ಕಿಲೋಗ್ರಾಂ. ಇಲ್ಲಿಯಾದರೋ ಅದು 200 ಕಿಲೋಗ್ರಾಮನ್ನು ಮುಟ್ಟಿ ಮೀರುತ್ತದೆ. ಒಳವ್ಯಾಸ 5 ಸೆಂಟಿಮೀಟರ್ ಮಾತ್ರವಿರುವ ಸಿಲಿಂಡರು ಆ ಒತ್ತಡದಲ್ಲಿ 3,900 ಕಿಲೋಗ್ರಾಮಿನಷ್ಟು ಬಲವನ್ನು ಕೊಡಬಲ್ಲದು. ಅಂಗೈಯಗಲವೂ ಇಲ್ಲದ ಕೊಳವೆಯಲ್ಲಿ ಇಷ್ಟು ಬಲ!

ಇಷ್ಟು ಬಲವನ್ನು ತಡೆದು ನಿಲ್ಲಿಸುವ ವಸ್ತು ಯಾವುದು? ಉಕ್ಕಲ್ಲ. ಉಕ್ಕಿಗೂ ಉಕ್ಕಿಗೂ ನಡುವೆ ಅಲುಗಾಟಕ್ಕೆ ಎಡೆ ಇರಲೇಬೇಕು, ಆ ಎಡೆಯಲ್ಲಿ ಎಣ್ಣೆ ನುಸುಳಿಯೇ ತೀರುವುದು. ತಡೆಯುವುದು ಬೆರಳಿನಿಂದ ಬಾಗಿಸಬಹುದಾದ ಒಂದು ಮೆತ್ತನೆಯ ಬಳೆ. ಅದಕ್ಕೆ ‘ಸೀಲು’ ಎನ್ನುತ್ತಾರೆ. ಇದರ ಹಿಂದಿನ ಕಥೆ ಸ್ವಾರಸ್ಯವಾದುದು. ಇಂಗ್ಲೆಂಡಿನ ಜೋಸೆಫ್ ಬ್ರಾಮಾ ಎಂಬಾತನು 1795ರಲ್ಲಿ ನೀರಿನ ಒತ್ತಡದಿಂದ ನಡೆಯುವ ಒತ್ತುಯಂತ್ರಕ್ಕೆ ಹಕ್ಕುಪತ್ರ ಪಡೆದನು. ತತ್ತ್ವವು ಸರಿಯಾಗಿತ್ತು, ಆದರೆ ಯಂತ್ರವು ಸೋರುತ್ತಿತ್ತು. ಸೋರಿಕೆ ನಿಲ್ಲುವಂತೆ ದಂಡದ ಸುತ್ತ ಬಿಗಿಯಾಗಿ ತುರುಕಿದರೆ, ಕೆಲಸ ಮುಗಿದ ಮೇಲೆ ದಂಡವು ಹಿಂದಕ್ಕೆ ಬಾರದೆ ಕಚ್ಚಿಕೊಳ್ಳುತ್ತಿತ್ತು. ಸಡಿಲಿಸಿದರೆ ನೀರು ಹೊರಗೆ ಚಿಮ್ಮುತ್ತಿತ್ತು. ಆಗ ಆತನ ಕಾರ್ಖಾನೆಯಲ್ಲಿದ್ದ ಹೆನ್ರಿ ಮಾಡ್‌ಸ್ಲೆ ಎಂಬ ಯುವ ಕಸಬುದಾರನು ಬಟ್ಟಲಿನಂತೆ ಮಡಿಚಿದ ಚರ್ಮದ ಪಟ್ಟಿಯನ್ನು ಸೂಚಿಸಿದನೆಂದು ಪ್ರಸಿದ್ಧಿ. ಒಳಗಿನ ನೀರು ಒತ್ತಿದಷ್ಟೂ ಆ ಚರ್ಮದ ತುಟಿಯು ದಂಡಕ್ಕೆ ಬಿಗಿಯಾಗಿ ಅಂಟಿಕೊಳ್ಳುವುದು. ಒತ್ತಡ ಇಳಿದೊಡನೆ ತಾನೂ ಸಡಿಲಿ ದಂಡವನ್ನು ಹಿಂದಕ್ಕೆ ಬಿಡುವುದು. ತನ್ನನ್ನು ಮುರಿಯಬಂದ ಬಲದಿಂದಲೇ ತಾನು ಗಟ್ಟಿಗೊಳ್ಳುವ ಈ ಉಪಾಯವು ಇಂದಿಗೂ ರಬ್ಬರಿನ, ಪಾಲಿಯೂರಿಥೇನಿನ ರೂಪದಲ್ಲಿ ಎಲ್ಲ ಸಿಲಿಂಡರುಗಳಲ್ಲಿಯೂ ಜೀವಿಸಿದೆ. ಮಹಾಯಂತ್ರದ ಮಾನವನ್ನು ಕಾಪಾಡಿದುದು ಒಂದು ತುಂಡು ತೊಗಲು. ಕಲ್ಯಾಣದ ಹರಳಯ್ಯನ ತೊಗಲಿನ ಕೆಲಸವನ್ನು ಪೂಜ್ಯವೆಂದು ಮಸ್ತಕದಲ್ಲಿ ಧರಿಸಿದವರ ವಂಶದಲ್ಲಿ ಬಂದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಈಗ ಸೋರಿಕೆಯ ವಿಚಾರ. ಸೋರಿಕೆಯು ದ್ವಿವಿಧವಾದುದು. ರಾಡು ಹೊರಬರುವ ಬಾಯಿಯಲ್ಲಿ ಎಣ್ಣೆ ಜಿನುಗಿ, ಧೂಳಿನೊಡನೆ ಕೆಸರಾಗಿ, ನೆಲಕ್ಕೆ ತೊಟ್ಟಿಕ್ಕುವುದು ಹೊರಸೋರಿಕೆ. ಇದನ್ನು ದಾರಿಹೋಕನೂ ಕಾಣಬಲ್ಲನು. ಪಿಸ್ಟನಿನ ಸುತ್ತಲ ಸೀಲು ಸವೆದು, ಎಣ್ಣೆಯು ಸಿಲಿಂಡರಿನ ಒಳಗೇ ಒಂದು ಕಡೆಯಿಂದ ಇನ್ನೊಂದು ಕಡೆಗೆ ನುಸುಳುವುದು ಒಳಸೋರಿಕೆ. ಇದರಲ್ಲಿ ಒಂದು ಹನಿಯೂ ಹೊರಗೆ ಬೀಳದು, ಯಂತ್ರವು ನೋಡಲು ನಿರ್ಮಲವಾಗಿಯೇ ಇರುವುದು. ಆದರೆ ಎತ್ತುವ ಬಲ ಕುಂದಿರುತ್ತದೆ. ಹೊರಗೆ ಮಡಿ, ಒಳಗೆ ಮೈಲಿಗೆ ಎಂಬ ಸ್ಥಿತಿಯನ್ನು ಶರಣರು ಯಾವ ಬಗೆಯಲ್ಲಿ ಖಂಡಿಸಿದರೆಂಬುದನ್ನು ಈ ಪತ್ರಿಕೆಯ ಓದುಗರು ಬಲ್ಲರು. ಆದರೆ ಇಲ್ಲಿಯೂ ಅವಸರದ ತೀರ್ಪು ಸಲ್ಲದು. ಎತ್ತಿ ನಿಲ್ಲಿಸಿದ ತೋಳು ತಾನಾಗಿ ಕುಸಿಯುತ್ತಿದ್ದರೆ ಪಿಸ್ಟನಿನ ಸೀಲೇ ಕೆಟ್ಟಿದೆಯೆಂದು ನಿಶ್ಚಯಿಸಲಾಗದು. ಎಣ್ಣೆಯನ್ನು ಹಂಚುವ ವಾಲ್ವಿನಲ್ಲಿಯೂ ಸೋರಿಕೆ ಇರಬಹುದು. ಪರೀಕ್ಷಿಸದೆ ಸಿಲಿಂಡರನ್ನು ಬಿಚ್ಚಿ, ಹೊಸ ಸೀಲು ಹಾಕಿ, ಹಣ ಪಡೆದು, ಮರುದಿನ ತೋಳು ಹಿಂದಿನಂತೆಯೇ ಕುಸಿದರೆ ಆ ಹಣವು ಯಾವ ಬಗೆಯ ದ್ರವ್ಯವಾಯಿತು? ಮಾರಯ್ಯನು ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿಯನ್ನು ಮನೆಗೆ ತಂದಾಗ, ಹೆಚ್ಚಾದುದನ್ನು ತಂದಲ್ಲಿಯೇ ಸುರಿದು ಬರುವಂತೆ ಲಕ್ಕಮ್ಮನು ಹೇಳಿದ ಕಥೆಯು ಮನೆಮನೆಯಲ್ಲಿಯೂ ಕೇಳಿದುದೇ. ಅಕ್ಕಿಯ ಅಳತೆ ಕಣ್ಣಿಗೆ ಕಾಣುತ್ತದೆ, ರಿಪೇರಿಯ ಅಳತೆ ಕಾಣುವುದಿಲ್ಲ. ಆದಕಾರಣ ರಿಪೇರಿಗಾರನ ಮನೆಯಲ್ಲಿ ಲಕ್ಕಮ್ಮನ ಅವಶ್ಯಕತೆ ಹೆಚ್ಚು.

ಈ ಕೆಲಸದಲ್ಲಿ ಪ್ರಾಣಾಪಾಯವೂ ಉಂಟು, ಇದನ್ನು ಮುಚ್ಚಿಡಬಾರದು. ಸ್ಕಿಡ್ ಸ್ಟಿಯರಿನ ಚಾಲಕನು ಎರಡು ತೋಳುಗಳ ನಡುವೆ ಕುಳಿತಿರುತ್ತಾನೆ, ಮುಂದಿನ ಬಕೆಟ್ಟಿನ ಮೇಲಿಂದಲೇ ಹತ್ತಿ ಇಳಿಯುತ್ತಾನೆ. ಎತ್ತಿದ ತೋಳು ಕೆಳಗೆ ಬಿದ್ದರೆ ಅದಕ್ಕೂ ಯಂತ್ರದ ಮೈಗೂ ನಡುವೆ ಸಿಕ್ಕಿದವನು ಉಳಿಯುವುದು ದುರ್ಲಭ. ಅಮೆರಿಕದ ಔದ್ಯೋಗಿಕ ಸುರಕ್ಷತೆಯ ರಾಷ್ಟ್ರೀಯ ಸಂಸ್ಥೆಯು ಇಂತಹ ಮರಣಗಳನ್ನು ಪರಿಶೀಲಿಸಿ 1998ರಲ್ಲಿಯೇ ಎಚ್ಚರಿಕೆಯ ಪ್ರಕಟಣೆಯನ್ನು ಹೊರಡಿಸಿತು. ಎತ್ತಿದ ತೋಳಿನ ಕೆಳಗೆ ಕೆಲಸ ಮಾಡಬೇಕಾಗಿ ಬಂದರೆ, ಯಂತ್ರ ಮಾಡಿದವರೇ ಕೊಟ್ಟಿರುವ ಉಕ್ಕಿನ ಆಸರೆಯನ್ನು ತೊಡಿಸಿಯೇ ಮಾಡತಕ್ಕುದು. ಮರದ ತುಂಡು, ಇಟ್ಟಿಗೆಯ ಗುಡ್ಡೆ, ಕಾರಿನ ಜಾಕ್ ಇವು ಆಸರೆಗಳಲ್ಲ. ಎಣ್ಣೆಯೇ ತೋಳನ್ನು ಹಿಡಿದಿದೆಯೆಂದು ನಂಬುವುದಂತೂ ಶುದ್ಧ ಅವಿವೇಕ, ಏಕೆಂದರೆ ಆ ಎಣ್ಣೆ ನಿಲ್ಲುತ್ತಿಲ್ಲವೆಂದೇ ಯಂತ್ರವನ್ನು ರಿಪೇರಿಗೆ ತಂದಿರುವುದಷ್ಟೆ! ಬೇಗ ಆಗಲೆಂದು ಹದಿಹರೆಯದ ಹುಡುಗನನ್ನು ಎತ್ತಿದ ತೋಳಿನ ಕೆಳಗೆ ನುಗ್ಗಿಸುವ ಮಾಲಿಕನು, ಮನೆಯಲ್ಲಿ ಎಷ್ಟು ಇಷ್ಟಲಿಂಗಪೂಜೆ ಮಾಡಿದರೂ, ಆ ಹೊತ್ತಿನಲ್ಲಿ ಹಿಂಸೆಯನ್ನೇ ಮಾಡುತ್ತಿದ್ದಾನೆ.

ಇನ್ನೊಂದು ಅಪಾಯವು ಇದಕ್ಕಿಂತ ಸೂಕ್ಷ್ಮವಾದುದು. ಹೋಸ್ ಪೈಪಿನಲ್ಲಿ ಸೂಜಿಮೊನೆಯಷ್ಟು ತೂತು ಬಿದ್ದರೆ ಎಣ್ಣೆಯು ಕಣ್ಣಿಗೆ ಕಾಣದ ಎಳೆಯಾಗಿ ಚಿಮ್ಮುತ್ತದೆ. ಎಲ್ಲಿ ಸೋರುತ್ತಿದೆಯೆಂದು ಕೈಯಾಡಿಸಿ ನೋಡಿದವನ ಚರ್ಮವನ್ನು ಭೇದಿಸಿ ಅದು ಮಾಂಸದೊಳಗೆ ಸೇರುತ್ತದೆ. ಮೊದಲಿಗೆ ಮುಳ್ಳು ಚುಚ್ಚಿದಷ್ಟೇ ಗುರುತು, ನೋವೂ ಅಲ್ಪ. ಕೆಲವು ಗಂಟೆಗಳಲ್ಲಿ ಕೈ ಊದಿ, ಒಳಗಿನ ಮಾಂಸ ಸಾಯಲಾರಂಭಿಸುತ್ತದೆ. ತಡಮಾಡಿದವರು ಬೆರಳನ್ನು, ಕೆಲವೊಮ್ಮೆ ಕೈಯನ್ನೇ ಕಳೆದುಕೊಳ್ಳುತ್ತಾರೆ. ತೊಗಲಿನ ಕೈಗವಸೂ ಇದನ್ನು ತಡೆಯಲಾರದು. ಸೋರಿಕೆಯನ್ನು ರಟ್ಟಿನ ತುಂಡು ಅಥವಾ ಹಲಗೆಯನ್ನು ಹಿಡಿದು ಹುಡುಕಬೇಕು, ಕಣ್ಣಿಗೆ ಕನ್ನಡಕ ಧರಿಸಿರಬೇಕು. ಅಕಸ್ಮಾತ್ ಚುಚ್ಚಿತೆಂದಾದರೆ ಅರಿಸಿನ ಹಚ್ಚಿ ಮನೆಯಲ್ಲಿ ಕುಳಿತಿರದೆ, ತತ್‌ಕ್ಷಣವೇ ಶಸ್ತ್ರವೈದ್ಯರಿರುವ ಆಸ್ಪತ್ರೆಗೆ ಹೋಗಿ, ಒತ್ತಡದ ಎಣ್ಣೆ ಒಳಹೊಕ್ಕಿದೆಯೆಂದು ಸ್ಪಷ್ಟವಾಗಿ ಹೇಳತಕ್ಕುದು.

ಕೆಲಸದ ಕ್ರಮವನ್ನು ಹೇಳುವುದಾದರೆ: ಯಂತ್ರವನ್ನು ಸಮನೆಲದಲ್ಲಿ ನಿಲ್ಲಿಸಿ, ತೋಳನ್ನು ಪೂರ್ಣವಾಗಿ ಇಳಿಸಿ, ಬಕೆಟ್ಟನ್ನು ನೆಲಕ್ಕೆ ಊರಿ, ಎಂಜಿನನ್ನು ಆರಿಸಬೇಕು. ಆ ಮೇಲೂ ಪೈಪುಗಳಲ್ಲಿ ಒತ್ತಡ ಉಳಿದಿರುವುದರಿಂದ, ಯಂತ್ರದ ಪುಸ್ತಕದಲ್ಲಿ ಹೇಳಿದಂತೆ ಹಿಡಿಕೆಗಳನ್ನು ಆಡಿಸಿ ಅದನ್ನು ತೆಗೆಯಬೇಕು. ಸಿಲಿಂಡರನ್ನೂ ಸುತ್ತಲಿನ ಜಾಗವನ್ನೂ ತೊಳೆದಲ್ಲದೆ ಯಾವ ನಟ್ಟನ್ನೂ ಬಿಚ್ಚಬಾರದು. ಪೈಪನ್ನು ಕಳಚಿದೊಡನೆ ಅದರ ಬಾಯಿಗೆ ಮುಚ್ಚಳ ಹಾಕಬೇಕು. ಒಂದು ಚಿಟಿಕೆ ಮರಳು ಒಳಗೆ ಹೋದರೆ ಹೊಸ ಸೀಲಿನ ಆಯುಷ್ಯ ಆಗಲೇ ಮುಗಿಯಿತೆಂದು ತಿಳಿಯತಕ್ಕುದು. ಪೂಜೆಗೆ ಮೊದಲು ಸಮ್ಮಾರ್ಜನೆ ಮಾಡುವ ಮನೆಗಳಲ್ಲಿ ಇದಕ್ಕೆ ಹೆಚ್ಚಿನ ವಿವರಣೆ ಅನಾವಶ್ಯಕ.

ಸಿಲಿಂಡರಿನ ಬಾಯಿಯಲ್ಲಿರುವ ಗ್ಲ್ಯಾಂಡನ್ನು ತಕ್ಕ ಪಾನಾದಿಂದ ತಿರುಗಿಸಿ ತೆಗೆದು, ರಾಡನ್ನು ನೇರವಾಗಿ ಹೊರಕ್ಕೆ ಎಳೆಯಬೇಕು. ಬಾರದಿದ್ದರೆ ಕಂಪ್ರೆಸರಿನ ಗಾಳಿಯಿಂದ ಹಾರಿಸುವ ದುರಭ್ಯಾಸ ಕೆಲವರಲ್ಲಿ ಉಂಟು. ಆಗ ಪಿಸ್ಟನು ಗುಂಡಿನಂತೆ ಹೊರಡುವುದರಿಂದ ಇದನ್ನು ಸರ್ವಥಾ ಮಾಡಕೂಡದು. ರಾಡಿನ ಹೊಳೆಯುವ ಭಾಗವನ್ನು ವೈಸಿಗೆ ಕಚ್ಚಿಸಬಾರದು. ಹಳೆಯ ಸೀಲುಗಳನ್ನು ತೆಗೆಯುವ ಮೊದಲು ಯಾವುದರ ತುಟಿ ಯಾವ ಕಡೆಗೆ ಮುಖ ಮಾಡಿದೆಯೆಂಬುದನ್ನು ಕಾಗದದ ಮೇಲೆ ಬರೆದಿಡುವುದು ಲೇಸು. ಒತ್ತಡವನ್ನು ತಡೆಯುವ ಸೀಲಿನ ತುಟಿ ಎಣ್ಣೆಯ ಕಡೆಗೆ, ಧೂಳನ್ನು ಒರೆಸುವ ಸೀಲಿನ ತುಟಿ ಹೊರಗಡೆಗೆ ಇರತಕ್ಕುದು. ಇದು ತಿರುಗುಮುರುಗಾದರೆ ಎಷ್ಟು ಬೆಲೆಯ ಸೀಲು ಹಾಕಿದರೂ ವ್ಯರ್ಥ. ಹೊಸ ಸೀಲಿಗೆ ಶುದ್ಧವಾದ ಹೈಡ್ರಾಲಿಕ್ ಎಣ್ಣೆಯನ್ನು ಸವರಿ, ಬೆರಳುಗಳಿಂದ ಮೆಲ್ಲನೆ ಮಡಿಚಿ ಕೂರಿಸಬೇಕು. ಸ್ಕ್ರೂಡ್ರೈವರಿನಿಂದ ತಿವಿದರೆ ಕಾಣದಷ್ಟು ಗಾಯವಾಗಿ ಅಲ್ಲಿಂದಲೇ ಮತ್ತೆ ಸೋರುತ್ತದೆ. ಪಿಸ್ಟನಿನ ನಟ್ಟನ್ನು ಪುಸ್ತಕದಲ್ಲಿ ಹೇಳಿದ ಬಿಗಿತಕ್ಕೇ ಬಿಗಿಯಬೇಕು. ಅಂದಾಜು ಇಲ್ಲಿ ಪ್ರಮಾಣವಲ್ಲ.

ಇಷ್ಟೆಲ್ಲವನ್ನೂ ಅಭ್ಯಾಸದಿಂದ ಕಲಿಯಬಹುದು. ನಿಜವಾದ ಪರೀಕ್ಷೆ ಬರುವುದು ರಾಡನ್ನು ಒರೆಸಿ ಬೆಳಕಿಗೆ ಹಿಡಿದಾಗ. ಉಗುರಿನಿಂದ ಉದ್ದಕ್ಕೂ ಸವರಿಕೊಂಡು ಹೋದರೆ ಒಂದೆಡೆ ಉಗುರು ಸಿಕ್ಕಿಕೊಳ್ಳುತ್ತದೆ. ಕಲ್ಲು ತಾಗಿ ಕ್ರೋಮ್ ಲೇಪವು ಅಲ್ಲಿ ಚಕ್ಕೆ ಎದ್ದಿದೆ. ಸೋರಿಕೆಗೆ ಕಾರಣ ಸೀಲಲ್ಲ, ಈ ಗಾಯ. ಪ್ರತಿಸಲ ಒಳಗೆ ಹೋಗುವಾಗಲೂ ಅದು ಗರಗಸದಂತೆ ಸೀಲಿನ ತುಟಿಯನ್ನು ಕೊಯ್ಯುತ್ತದೆ. ರಾಡನ್ನು ಲೇತಿಗೆ ಕಳುಹಿಸಿ, ಹೊಸ ಲೇಪ ಹಾಕಿಸಿ, ಸಾಣೆ ಹಿಡಿಸಬೇಕು, ಅಥವಾ ಹೊಸ ರಾಡನ್ನೇ ತರಿಸಬೇಕು. ಅದಕ್ಕೆ ದಿನಗಳು ಹಿಡಿಯುತ್ತವೆ, ಹಣವೂ ಸೀಲ್ ಕಿಟ್ಟಿನ ಎಷ್ಟೋ ಪಾಲು. ಮಾಲಿಕನಾದರೋ ಸಂಜೆಯೊಳಗೆ ಯಂತ್ರ ಬೇಕೆಂದು ಬಾಗಿಲಲ್ಲಿ ನಿಂತಿದ್ದಾನೆ. ಹೊಸ ಸೀಲು ಹಾಕಿಕೊಟ್ಟರೆ ಕೆಲವು ದಿನ ಒಂದು ಹನಿಯೂ ಸೋರದು. ಗ್ಲ್ಯಾಂಡನ್ನು ಮುಚ್ಚಿದ ಮೇಲೆ ಒಳಗೆ ಏನಿದೆಯೆಂಬುದನ್ನು ಬಲ್ಲವನು ಲೋಕದಲ್ಲಿ ಆತನೊಬ್ಬನೇ.

ಆತನೊಬ್ಬನೇ ಎಂಬ ಮಾತು ಸರಿಯೇ? ಅಂಗದ ಮೇಲಿರುವ ಲಿಂಗವು ಪೂಜೆಯ ಹೊತ್ತಿಗೆ ಮಾತ್ರ ಎಚ್ಚೆತ್ತಿರುವುದೆಂದು ಯಾವ ಶರಣನೂ ಹೇಳಿಲ್ಲ. ಎಣ್ಣೆಗೈಯಲ್ಲಿ ರಾಡನ್ನು ಹಿಡಿದು ನಿಂತಾಗಲೂ ಅದು ಅಲ್ಲಿಯೇ ಇದೆ. ಇದಿಷ್ಟನ್ನು ನೆನೆದ ರಿಪೇರಿಗಾರನು ಮಾಲಿಕನನ್ನು ಒಳಗೆ ಕರೆದು, ಆತನ ಉಗುರನ್ನೇ ಆ ಗಾಯದ ಮೇಲೆ ಆಡಿಸಿ, “ಯಜಮಾನರೇ, ಇದು ಹೀಗಿರುವ ತನಕ ಸೀಲು ನಿಲ್ಲುವುದಿಲ್ಲ. ಇಂದಿಗೆ ಹಾಕಿಕೊಡು ಎಂದರೆ ಹಾಕುತ್ತೇನೆ, ಆದರೆ ನಿಲ್ಲುತ್ತದೆಂದು ಬಾಯಲ್ಲಿ ಹೇಳಲಾರೆ” ಎನ್ನುತ್ತಾನೆ. ಇದರಿಂದ ಆ ಕೆಲಸವು ಕೈತಪ್ಪಿ ಬೇರೊಬ್ಬನ ಅಂಗಡಿಗೆ ಹೋಗಬಹುದು. ಹಾಗಾದ ದಿನ ಮನೆಯಲ್ಲಿ ಒಲೆ ಉರಿಯುವುದು ಕಷ್ಟವಾಗಬಹುದು. ಸತ್ಯಶುದ್ಧ ಕಾಯಕಕ್ಕೆ ಇಂತಹ ನಷ್ಟವೇ ಇಲ್ಲವೆಂದು ಉಪದೇಶ ಮಾಡುವವರು ದುಡಿದುಣ್ಣುವವರ ಮನೆಯನ್ನು ಕಂಡವರಲ್ಲ.

ಇಲ್ಲಿ ಗೃಹಸ್ಥರ ಹೊಣೆಯೂ ಇದೆ. ಯಂತ್ರವನ್ನು ಇಟ್ಟು ದುಡಿಸುವವರು, ಬಾಡಿಗೆಗೆ ಕರೆಯುವವರು ಈ ಪತ್ರಿಕೆಯ ಓದುಗರಲ್ಲಿಯೂ ಇದ್ದಾರೆ. ನಿಜವನ್ನು ನುಡಿದವನನ್ನು ಬಿಟ್ಟು ಅಗ್ಗದ ಮಾತಾಡಿದವನ ಬಳಿಗೆ ಹೋಗುವ ಮಾಲಿಕನು, ಲೋಕದಲ್ಲಿ ಪ್ರಾಮಾಣಿಕರಿಲ್ಲವೆಂದು ಮಠದ ಕಟ್ಟೆಯ ಮೇಲೆ ಕುಳಿತು ಹಲುಬುವುದರಲ್ಲಿ ಏನು ಅರ್ಥ? ಎಡಗಡೆಯ ಸಿಲಿಂಡರು ಸವೆದಿದ್ದರೆ ಅಷ್ಟೇ ವರ್ಷ ದುಡಿದ ಬಲಗಡೆಯದನ್ನೂ ನೋಡೆಂದು ತಾನಾಗಿ ಹೇಳುವ ಮಾಲಿಕರು ಇಲ್ಲದಿಲ್ಲ. ಅಂಥವರ ಯಂತ್ರದ ಕೆಳಗೆ ಮಲಗಲು ಕೆಲಸಗಾರನಿಗೂ ಹೆದರಿಕೆ ಇರುವುದಿಲ್ಲ.

ಜೋಡಣೆ ಮುಗಿದ ಮೇಲೆ, ತೊಟ್ಟಿಯಲ್ಲಿ ಎಣ್ಣೆಯ ಮಟ್ಟವನ್ನು ನೋಡಿ, ಎಂಜಿನನ್ನು ನಿಧಾನವಾಗಿ ನಡೆಸುತ್ತ, ಭಾರವಿಲ್ಲದೆ ತೋಳನ್ನು ಹಲವು ಬಾರಿ ಮೆಲ್ಲನೆ ಏರಿಸಿ ಇಳಿಸಬೇಕು. ಒಳಗೆ ಸಿಕ್ಕಿದ ಗಾಳಿ ಹೊರಟುಹೋಗುವ ತನಕ ತೋಳು ಜಗ್ಗಿ ಜಗ್ಗಿ ಏರುತ್ತದೆ, ಅನಂತರ ಸಮನಾಗುತ್ತದೆ. ಬಳಿಕ ಮಟ್ಟವನ್ನು ಮತ್ತೊಮ್ಮೆ ನೋಡಿ ಕಡಿಮೆಯಾದುದನ್ನು ತುಂಬಬೇಕು. ರಾಡಿನ ಮೇಲೆ ಬೆರಳಿಗೆ ಹತ್ತುವಷ್ಟು ತೆಳುವಾದ ಎಣ್ಣೆಯ ಪದರ ಕಂಡರೆ ಗಾಬರಿಪಡಬೇಕಾಗಿಲ್ಲ, ಸೀಲು ಒಣಗದಿರಲು ಅಷ್ಟು ಬೇಕು. ಹನಿಗೂಡಿದರೆ ಮಾತ್ರ ಸೋರಿಕೆ. ಬಿಚ್ಚುವಾಗ ಹಿಡಿದಿಟ್ಟ ಹಳೆಯ ಎಣ್ಣೆಯನ್ನು ಚರಂಡಿಗಾಗಲಿ ಬೇಲಿಯ ಬುಡಕ್ಕಾಗಲಿ ಚೆಲ್ಲದೆ ಡಬ್ಬಿಯಲ್ಲಿ ತುಂಬಿ, ಹಳೆಯ ಎಣ್ಣೆಯನ್ನು ಕೊಳ್ಳುವವರಿಗೆ ಕೊಡಬೇಕು.

ತೆಗೆದ ಸೀಲುಗಳನ್ನು ಬಿಸಾಡದೆ ಕಾಗದದಲ್ಲಿ ಸುತ್ತಿ ಮಾಲಿಕನಿಗೆ ಒಪ್ಪಿಸುವ ಒಳ್ಳೆಯ ಪದ್ಧತಿ ಕೆಲವು ಕಸಬುದಾರರಲ್ಲಿದೆ. ಬದಲಿಸಿದುದು ನಿಜವೆಂಬುದಕ್ಕೆ ಅದು ಸಾಕ್ಷಿ. ಅಲ್ಲದೆ ಓದಬಲ್ಲವರಿಗೆ ಆ ಹಳೆಯ ಬಳೆಗಳು ಗ್ರಂಥದಂತೆ ಮಾತನಾಡುತ್ತವೆ: ಗಡುಸಾಗಿ ಬಿರುಕುಬಿಟ್ಟಿದ್ದರೆ ಎಣ್ಣೆಯು ಮಿತಿಮೀರಿ ಕಾದಿತ್ತೆಂದು, ಮೈಯುದ್ದಕ್ಕೂ ಗೀರುಗಳಿದ್ದರೆ ಎಣ್ಣೆಯಲ್ಲಿ ಕಸ ಸೇರಿತ್ತೆಂದು, ಅಂಚನ್ನು ಇಲಿ ಕಡಿದಂತಿದ್ದರೆ ಪಿಸ್ಟನನ್ನು ನಡುವೆ ಹಿಡಿದಿಡುವ ಬಳೆ ಸವೆದು ಎಡೆ ಹೆಚ್ಚಾಗಿತ್ತೆಂದು.